400 ಅಡಿಯೊಳಗಿನ ಆಕಾಶ

— ಮಾವ, ಯಲಹಂಕದ ಹತ್ತಿರ ಒಂದು ಮದುವೆ ಒಪ್ಪಿಕೊಂಡಿದ್ದೀನಿ. ದಿಬ್ಬಣ ಛತ್ರದೊಳಗೆ ಬರೋದನ್ನ ಮೇಲಿಂದ ತೆಗೀಲೇಬೇಕು ಅಂತ ಹುಡುಗಿ ಕಡೆಯವರ ಹಟ. ನನ್ನ ಡ್ರೋನು 249 ಗ್ರಾಂ ಇದೆ. 250ರ ಒಳಗಿದ್ದರೆ ಯಾವ ರೂಲ್ಸೂ ಇಲ್ಲ ಅಂತ ನಮ್ಮ ಫೋಟೊಗ್ರಾಫರ್‌ಗಳೆಲ್ಲ ಹೇಳ್ತಾರೆ. ಹಾರಿಸಬಹುದು ತಾನೆ?

— ಯಲಹಂಕ ಅಂದ ಮೇಲೆ ಹಾರಿಸೋ ಹಾಗಿಲ್ಲ ಪುಟ್ಟಿ. ಅವರು ಹೇಳೋ ತೂಕದ ಮಾತು ಅರ್ಧ ಸತ್ಯ. 250 ಗ್ರಾಂವರೆಗಿನದು ನ್ಯಾನೋ ಡ್ರೋನು. ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ವಿಮೆ ಕಡ್ಡಾಯ ಅಲ್ಲ. ನೋಂದಣಿ ಮಾಡಿಸಿ ಯುಐಎನ್ ನಂಬರ್ ತಗೊಳ್ಳೋದು ಅದಕ್ಕೂ ತಪ್ಪಿದ್ದಲ್ಲ. ಇನ್ನು ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಅನ್ನೋದರಲ್ಲಿ 249 ಗ್ರಾಮಿಗೂ 24 ಕಿಲೋಗೂ ಒಂದೇ ನ್ಯಾಯ.

— ಎರಡು ಕಿಲೋವರೆಗೂ ಸರ್ಟಿಫಿಕೇಟ್ ಬೇಡ ಅಂತ ನಿಯಮದಲ್ಲೇ ಇದೆಯಲ್ಲ?

— ಅದು ದುಡ್ಡಿಗಲ್ಲದೆ ಹಾರಿಸೋರಿಗೆ. ಮದುವೆ ಶೂಟಿಂಗು ನಿನಗೆ ಕಸುಬು. ನಾಳೆ ಇದಕ್ಕಿಂತ ದೊಡ್ಡ ಡ್ರೋನು ತಗೊಂಡರೆ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗೆ ಹೋಗಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. 18 ವರ್ಷ ತುಂಬಿರಬೇಕು, ಹತ್ತನೇ ಕ್ಲಾಸು ಪಾಸಾಗಿರಬೇಕು. ಒಮ್ಮೆ ಸಿಕ್ಕಿದರೆ 10 ವರ್ಷ ನಡೆಯುತ್ತೆ. ಕಷ್ಟದ್ದೇನಲ್ಲ.

— ಸರಿ, ಯಲಹಂಕ ಬೇಡ ಅಂತೀರಿ. ಬೆಂಗಳೂರಲ್ಲಿ ಎಲ್ಲಿ ಹಾರಿಸಬಹುದು ಹೇಳಿ. ಯಾರನ್ನ ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

— ಹೇಳೋರು ಯಾಕೆ, ನಕ್ಷೆ ಇದೆಯಲ್ಲ. 2021ರ ಆಗಸ್ಟಿನಲ್ಲಿ ಈಗಿನ ಡ್ರೋನ್ ನಿಯಮಗಳು ಬಂದವು. ಮಾರನೇ ತಿಂಗಳೇ ಇಡೀ ದೇಶದ ಆಕಾಶವನ್ನ ಮೂರು ಬಣ್ಣ ಮಾಡಿ ಡಿಜಿಟಲ್ ಸ್ಕೈ ಅನ್ನೋ ತಾಣದಲ್ಲಿ ಹಾಕಿದರು. ಕೆಂಪು, ಹಳದಿ, ಹಸಿರು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಳದಿಯಲ್ಲಿ ಆ ಜಾಗದ ಏರ್ ಟ್ರಾಫಿಕ್ ಕಂಟ್ರೋಲಿನ ಅನುಮತಿ ಬೇಕು. ಹಸಿರಿನಲ್ಲಿ 400 ಅಡಿವರೆಗೆ, ಅಂದರೆ 120 ಮೀಟರ್, ಯಾರನ್ನೂ ಕೇಳಬೇಕಿಲ್ಲ.

— ಆ ಬಣ್ಣ ಬಳಿದದ್ದು ಯಾವ ಲೆಕ್ಕದ ಮೇಲೆ?

— ವಿಮಾನ ನಿಲ್ದಾಣದ ಕಾಂಪೌಂಡಿನಿಂದ ಅಳೆದು. ರನ್‌ವೇಯ ನಡುಮಧ್ಯದಿಂದ ಅಲ್ಲ, ಇದನ್ನ ನೆನಪಿಟ್ಟುಕೋ. ಕಾಂಪೌಂಡಿನಿಂದ 5 ಕಿಲೋಮೀಟರ್ ಕೆಂಪು. 5ರಿಂದ 8ರವರೆಗೆ ನೆಲದಿಂದಲೇ ಹಳದಿ. 8ರಿಂದ 12ರವರೆಗೆ 200 ಅಡಿ ಹಸಿರು, ಅದರ ಮೇಲೆ ಹಳದಿ. 12 ದಾಟಿದರೆ 400 ಅಡಿ ಹಸಿರು. ಹಿಂದೆ ಈ ಹಳದಿ 45 ಕಿಲೋಮೀಟರ್‌ವರೆಗೆ ಚಾಚಿತ್ತು. ಹಾಗೇ ಇದ್ದಿದ್ದರೆ ಬೆಂಗಳೂರಿನ ಆಸುಪಾಸಿನ ರೈತ ಔಷಧಿ ಸಿಂಪಡಿಸೋಕೂ ಅನುಮತಿ ಬೇಕಿತ್ತು.

— ಹಾಗಾದರೆ ದೇವನಹಳ್ಳಿಯಿಂದ 12 ಕಿಲೋಮೀಟರ್ ದೂರ ಇದ್ದರೆ ಆಯ್ತಲ್ಲ. ಊರೇ ಅಲ್ಲಿಂದ 30 ಕಿಲೋಮೀಟರ್ ದೂರ ಇದೆ.

— ಎಲ್ಲರೂ ಜಾರೋದು ಇಲ್ಲೇ. ಬೆಂಗಳೂರಿಗೆ ವಿಮಾನ ನಿಲ್ದಾಣ ಒಂದೇ ಅಂದುಕೊಂಡಿದ್ದಾರೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ಎಚ್‌ಎಎಲ್ ನಿಲ್ದಾಣ ಮುಚ್ಚಲಿಲ್ಲ. ತೇಜಸ್ ಯುದ್ಧವಿಮಾನ ಪರೀಕ್ಷೆಗೆ ಹಾರೋದು ಅಲ್ಲಿಂದ, ಧ್ರುವ ಹೆಲಿಕಾಪ್ಟರ್ ಏಳೋದು ಅಲ್ಲಿಂದ, ಪ್ರಧಾನಿ ಬಂದರೂ ಎಷ್ಟೋ ಸಲ ಇಳಿಯೋದು ಅಲ್ಲೇ. ಅದರ ಕಾಂಪೌಂಡಿನಿಂದ ಅಳೆ. ಇಂದಿರಾನಗರ, ದೊಮ್ಮಲೂರು, ಮಾರತ್ತಹಳ್ಳಿ, ಕೋರಮಂಗಲ ಎಲ್ಲ 5 ಕಿಲೋಮೀಟರಿನ ಒಳಗೆ. ವೈಟ್‌ಫೀಲ್ಡು ಹೆಚ್ಚೂಕಡಿಮೆ ಹಳದಿ. ನೀವಿರೋ ಬಸವನಗುಡಿ ಹೊರಗಿನ ಬಳೆ, 200 ಅಡಿ. ಇನ್ನು ಉತ್ತರಕ್ಕೆ ಯಲಹಂಕದ ವಾಯುಪಡೆ ನೆಲೆ, ಅದರ ಕೆಳಗೆ ಜಕ್ಕೂರಿನ ತರಬೇತಿ ಶಾಲೆ, ಮೇಲೆ ದೇವನಹಳ್ಳಿ. ಬಳ್ಳಾರಿ ರಸ್ತೆ ಉದ್ದಕ್ಕೂ ಒಂದರ ವೃತ್ತ ಮುಗಿಯೋ ಮೊದಲೇ ಇನ್ನೊಂದರದು ಶುರುವಾಗುತ್ತೆ. ಈಗ ಮದುವೆ ರೆಸಾರ್ಟುಗಳು ಸಾಲುಸಾಲಾಗಿ ಎದ್ದಿರೋದೂ ಅದೇ ರಸ್ತೆಯಲ್ಲಿ.

— ಅನುಮತಿ ಕೇಳೋದಾದರೆ ಯಾರನ್ನ ಕೇಳೋದು? ದೇವನಹಳ್ಳಿಯವರನ್ನೇ?

— ಯಾರ ಹಳದಿಯಲ್ಲಿ ನಿಂತಿದ್ದೀಯೋ ಅವರನ್ನ. ದೇವನಹಳ್ಳಿಯದು ಏರ್‌ಪೋರ್ಟ್ಸ್ ಅಥಾರಿಟಿ. ಯಲಹಂಕದ್ದು ವಾಯುಪಡೆ. ಹಳೇ ನಿಲ್ದಾಣದ್ದು ಎಚ್‌ಎಎಲ್. ಒಂದೇ ಊರಿನ ಆಕಾಶಕ್ಕೆ ಮೂರು ಯಜಮಾನರು. ಅದು ಬೆಂಗಳೂರಿನ ಇತಿಹಾಸದ ಫಲ. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ವಿಮಾನ ಕಾರ್ಖಾನೆ ಇಲ್ಲಿಗೆ ಬಂತು. ಅದರ ಸುತ್ತ ಊರು ಬೆಳೀತು. ಕಾರ್ಖಾನೆ ಊರೊಳಗೆ ಬಂದಿದ್ದಲ್ಲ, ಊರು ರನ್‌ವೇವರೆಗೆ ನಡ್ಕೊಂಡು ಹೋಯ್ತು.

— ಒಂದು ವಿಷಯ ನನಗೆ ಒಪ್ಪಿಗೆ ಆಗ್ತಿಲ್ಲ. ವಿಮಾನ ಇಳಿಯೋದು ಇಳಿಜಾರಿನಲ್ಲಿ ತಾನೆ? 5 ಕಿಲೋಮೀಟರ್ ದೂರದಲ್ಲಿ ಅದು ಎಷ್ಟು ಎತ್ತರ ಇರುತ್ತೆ?

— ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ರನ್‌ವೇ ತುದಿಯಿಂದ 5 ಕಿಲೋಮೀಟರ್ ಆಚೆ 260 ಮೀಟರ್ ಅಂದುಕೋ. 8ರಲ್ಲಿ 420.

— ನಾನು ಛತ್ರದ ಮೇಲೆ ಏರಿಸೋದು 30 ಮೀಟರು. ನಡುವೆ 230 ಮೀಟರ್ ಖಾಲಿ ಜಾಗ. ಅದೂ ರನ್‌ವೇ ನೇರಕ್ಕೆ ಇದ್ದರೆ. ಪಕ್ಕಕ್ಕಿದ್ದರೆ ವಿಮಾನವೇ ಬರಲ್ಲ. ಹಾಗಿದ್ದೂ ಸುತ್ತ ವೃತ್ತ ಹೊಡೆದು ಎಲ್ಲ ಕೆಂಪು ಅಂದರೆ ಅದು ಅತಿ ಅಲ್ವಾ?

— ಪ್ರಶ್ನೆ ಚೆನ್ನಾಗಿದೆ. ಪ್ರಯಾಣಿಕರ ವಿಮಾನ ಮಾತ್ರ ಇದ್ದಿದ್ದರೆ ನೀನು ಹೇಳಿದ್ದೇ ಸರಿ, ರನ್‌ವೇ ನೇರಕ್ಕೆ ಒಂದು ಪಟ್ಟಿ ಸಾಕಾಗ್ತಿತ್ತು. ಯುದ್ಧವಿಮಾನ ಹಾಗೆ ಬರಲ್ಲ. ನೆಲೆಯ ಮೇಲೆ ಬಂದು, ಓರೆಯಾಗಿ ತಿರುಗಿ, ಕಡಿದಾಗಿ ಇಳಿಯುತ್ತೆ. ತರಬೇತಿ ವಿಮಾನ ರನ್‌ವೇಯ ಪಕ್ಕದಲ್ಲೇ ಸುತ್ತು ಹಾಕ್ತಾ ಇರುತ್ತೆ, ಒಳಗೆ ಕೂತಿರೋನು ಕಲಿಯೋ ಹುಡುಗ. ಹೆಲಿಕಾಪ್ಟರಿಗೆ ಇಳಿಜಾರೂ ಇಲ್ಲ, ರನ್‌ವೇಯೂ ಇಲ್ಲ. ಇಳಿಯೋ ವಿಮಾನ ಕಡೇ ಗಳಿಗೆಯಲ್ಲಿ ಬೇಡ ಅಂತ ಮೇಲೆದ್ದು ಪಕ್ಕಕ್ಕೆ ತಿರುಗಬಹುದು. ಕಂಟ್ರೋಲ್ ಟವರಿನಲ್ಲಿ ಕೂತವನಾಗಿ ಹೇಳ್ತೀನಿ, ಅಂಥ ಹೊತ್ತಲ್ಲಿ ನಾವು ಎಲ್ಲ ದಿಕ್ಕೂ ಖಾಲಿ ಇದೆ ಅನ್ನೋ ಧೈರ್ಯದ ಮೇಲೇ ಪೈಲಟ್‌ಗೆ ದಾರಿ ಹೇಳೋದು. ನಿನ್ನ ಡ್ರೋನು ರೇಡಾರಿನಲ್ಲಿ ನಮಗೆ ಕಾಣಲ್ಲ. ಕಾಣದೇ ಇರೋದನ್ನ ತಪ್ಪಿಸು ಅಂತ ಹೇಳೋದು ಹೇಗೆ?

— 249 ಗ್ರಾಂ ವಿಮಾನಕ್ಕೆ ಏನು ಮಾಡೀತು? ಹಕ್ಕಿಗಳೂ ಡಿಕ್ಕಿ ಹೊಡೀತಾವಲ್ಲ.

— ಹಕ್ಕಿಯದು ಮೆತ್ತನೆ ದೇಹ. ಡ್ರೋನಿನಲ್ಲಿ ಮೋಟಾರು, ಬ್ಯಾಟರಿ, ಕ್ಯಾಮೆರಾ ಎಲ್ಲ ಗಟ್ಟಿ. ಅಮೆರಿಕದ ವಿಮಾನಯಾನ ಇಲಾಖೆ ಮಾಡಿಸಿದ ಸಂಶೋಧನೆ 2017ರಲ್ಲಿ ಬಂತು. ಅಷ್ಟೇ ತೂಕದ ಹಕ್ಕಿಗಿಂತ ಡ್ರೋನು ವಿಮಾನದ ರಚನೆಗೆ ಹೆಚ್ಚು ಪೆಟ್ಟು ಕೊಡುತ್ತೆ ಅಂತ ಅದರಲ್ಲಿ ಕಂಡಿತು. ಲೆಕ್ಕ ಬೇಡ, ನಡೆದದ್ದೇ ಕೇಳು. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಕಾಡ್ಗಿಚ್ಚು ಹತ್ತಿ ಮನೆಗಳು ಉರೀತಿದ್ದವು. ಕೆನಡಾದಿಂದ ಎರವಲು ಬಂದ ನೀರೆರಚೋ ವಿಮಾನವೊಂದಕ್ಕೆ ನಿನ್ನಂಥದ್ದೇ ಪುಟ್ಟ ಡ್ರೋನು ಬಡಿದು ರೆಕ್ಕೆ ತೂತಾಯ್ತು. ಬೆಂಕಿ ಉರೀತಿರುವಾಗ ಆ ವಿಮಾನ ರಿಪೇರಿಗೆ ನಿಲ್ಲಬೇಕಾಯ್ತು. ಹಾರಿಸಿದವನಿಗೆ ಕೆಡುಕು ಮಾಡೋ ಉದ್ದೇಶವೇ ಇರಲಿಲ್ಲ, ಬೆಂಕಿ ಎಷ್ಟು ಹಬ್ಬಿದೆ ನೋಡೋಣ ಅಂತ ಕಳಿಸಿದ್ದ. ಎರಡೂವರೆ ಕಿಲೋಮೀಟರ್ ಆಚೆ ಹೋಗಿ ಡ್ರೋನು ಅವನ ಕಣ್ಣಿಗೇ ಕಾಣ್ತಿರಲಿಲ್ಲ.

— ಅಲ್ಲಿ ತಾತ್ಕಾಲಿಕ ನಿಷೇಧ ಇತ್ತಾ?

— ಇತ್ತು. ಹಾರಿಸೋ ಮುಂಚೆ ಅವನು ನೋಡಲಿಲ್ಲ. ನಮ್ಮ ನಿಯಮದಲ್ಲೂ ಪ್ರತಿ ಸಲ ಹಾರಿಸೋ ಮೊದಲು ನಕ್ಷೆ ನೋಡೋದು ಕಡ್ಡಾಯ. ಹೋದ ತಿಂಗಳು ಹಸಿರಿತ್ತು ಅನ್ನೋದು ಉತ್ತರ ಅಲ್ಲ.

— ಅದೇನೋ ಸರಿ. ಆದರೆ ಡ್ರೋನೇ ಕೆಂಪು ಜಾಗದಲ್ಲಿ ಏಳದ ಹಾಗೆ ಮಾಡಬಹುದಲ್ಲ? ಮೊದಲು ಹಾಗೇ ಇತ್ತು ಅಂತ ಕೇಳಿದ್ದೆ.

— ಅನುಮತಿ ಇಲ್ಲದೆ ಮೇಲೇಳದ ತಂತ್ರಾಂಶ ಇರಬೇಕು ಅಂತ 2018ರ ನಿಯಮದಲ್ಲಿತ್ತು. 2021ರಲ್ಲಿ ಅದನ್ನ ಮುಂದೆ ಯಾವಾಗಾದರೂ ಕಡ್ಡಾಯ ಮಾಡಬಹುದು ಅಂತ ಬಿಟ್ಟರು. ಡ್ರೋನು ತಯಾರಿಸೋ ಡಿಜೆಐ ಕಂಪನಿ ತಾನಾಗೇ ಹಾಕಿದ್ದ ಇಂಥ ಬೇಲಿಯನ್ನ 2025ರ ಜನವರಿಯಲ್ಲಿ ಅಮೆರಿಕದಲ್ಲಿ ತೆಗೆದು, ಬರೀ ಎಚ್ಚರಿಕೆ ತೋರಿಸೋ ಹಾಗೆ ಮಾಡಿತು. ಅಂದರೆ ಡ್ರೋನೇ ತಡೆಯುತ್ತೆ ಅಂತ ನಂಬೋ ಹಾಗಿಲ್ಲ, ತಡೆಯೋದು ನಿನ್ನ ತಿಳಿವಳಿಕೆ ಒಂದೇ. ಇನ್ನೊಂದು ವಿಷಯ, ಇದನ್ನ ಡ್ರೋನ್ ಹಾರಿಸೋರಲ್ಲಿ ಹತ್ತರಲ್ಲಿ ಒಂಬತ್ತು ಜನ ತಪ್ಪು ತಿಳಿದಿದ್ದಾರೆ ಅನ್ಸುತ್ತೆ. ನಿನ್ನ ರಿಮೋಟಿನಲ್ಲಿ ಎತ್ತರ ಅಂತ ತೋರಿಸೋದು ಎಲ್ಲಿಂದ ಅಳೆದದ್ದು?

— ನೆಲದಿಂದ.

— ಅಲ್ಲ. ಡ್ರೋನು ಎದ್ದ ಜಾಗದಿಂದ. ಬಸವನಗುಡಿಯಲ್ಲಿ 200 ಅಡಿ ಅಂದರೆ 60 ಮೀಟರು, ನೆಲದಿಂದ. ನೀನು 15 ಮಹಡಿಯ ಅಪಾರ್ಟ್‌ಮೆಂಟಿನ ಟೆರೇಸಿನಿಂದ ಎತ್ತಿದೆ ಅಂತಿಟ್ಟುಕೋ. ರಿಮೋಟು ಸೊನ್ನೆ ತೋರಿಸ್ತಿದೆ, ಡ್ರೋನು ಆಗಲೇ ಸುಮಾರು 45 ಮೀಟರ್ ಮೇಲಿದೆ. ಇನ್ನು 15 ಮೀಟರ್ ಏರಿಸಿದರೆ ನಿನ್ನ ಹಸಿರು ಮುಗೀತು. ನಂದಿ ಬೆಟ್ಟದ ಮೇಲೆ ಇದು ಇನ್ನೂ ಘೋರ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರು. ಬಂಡೆಯಿಂದ ಎತ್ತಿ ಆಚೆ ಕಣಿವೆ ಮೇಲಕ್ಕೆ ತಗೊಂಡು ಹೋದರೆ ರಿಮೋಟು 20 ಅನ್ನುತ್ತೆ, ಕೆಳಗಿನ ನೆಲದಿಂದ ಅದು ನೂರಾರು ಮೀಟರ್ ಮೇಲಿರುತ್ತೆ.

— ಅಯ್ಯೋ, ಪ್ರೀ-ವೆಡ್ಡಿಂಗ್ ಶೂಟಿಗೆ ಎಲ್ಲರೂ ಮಾಡೋದೇ ಅದು. ಈ 400 ಅಡಿ ಅನ್ನೋ ಲೆಕ್ಕ ಎಲ್ಲಿಂದ ಬಂತು?

— ಮನುಷ್ಯರು ಕೂತ ವಿಮಾನ ಬಯಲಲ್ಲಿ 500 ಅಡಿಗಿಂತ, ಊರಮೇಲೆ ಅತಿ ಎತ್ತರದ ಕಟ್ಟಡದಿಂದ 1,000 ಅಡಿಗಿಂತ ಕೆಳಗೆ ಹಾರಬಾರದು ಅನ್ನೋದು ಲೋಕದ ಬಹುಪಾಲು ಕಡೆ ಇರೋ ಪದ್ಧತಿ. ಇಳಿಯುವಾಗ ಏರುವಾಗ ಬಿಟ್ಟು. ಡ್ರೋನಿಗೆ 400 ಕೊಟ್ಟರೆ ನಡುವೆ 100 ಅಡಿ ಗಡಿಪಟ್ಟಿ ಉಳಿಯುತ್ತೆ. ಆ ಪಟ್ಟಿಯನ್ನ ನೀನು ದಾಟಬಾರದು. ಒಂದು ವೇಳೆ ಏರ್ ಆಂಬುಲೆನ್ಸ್ ಹೆಲಿಕಾಪ್ಟರು ಆಸ್ಪತ್ರೆ ಮಹಡಿಗೆ ಇಳಿಯೋಕೆ ನಿನ್ನ ಹಸಿರಿನೊಳಗೇ ಬಂತು ಅನ್ನು, ಆಗ ದಾರಿ ಬಿಡಬೇಕಾದವಳು ನೀನು. ಮನುಷ್ಯರಿರೋ ವಿಮಾನಕ್ಕೆ ಯಾವಾಗಲೂ ಮೊದಲ ಹಕ್ಕು ಅಂತ ನಿಯಮದಲ್ಲೇ ಇದೆ. ಹದ್ದುಗಳಿಗೂ ದಾರಿ ಬಿಡು ಅಂತ ನಾನು ಸೇರಿಸ್ತೀನಿ. ಗೂಡು ಕಟ್ಟೋ ಕಾಲದಲ್ಲಿ ಅವು ಡ್ರೋನಿನ ಮೇಲೆ ಎರಗ್ತಾವೆ, ಪೆಟ್ಟಾಗೋದು ಅವಕ್ಕೂ ಹೌದು.

— ಇಷ್ಟು ಹೊತ್ತು ನೀವು ಹೇಳಿದ್ದು ಕೇಳಿದೆ ಮಾವ. ಈಗ ನನ್ನ ಕಡೆಯದು ಕೇಳಿ. ಊರ ಹೊರಗೆ ಒಂದು ಛತ್ರ. ನಕ್ಷೆ ನೋಡಿದ್ದೆ, ಅಪ್ಪಟ ಹಸಿರು. ಡ್ರೋನು ಎತ್ತಿ ಹತ್ತು ನಿಮಿಷ ಆಗಿರಲಿಲ್ಲ, ಠಾಣೆಯಿಂದ ಬಂದು ಪರ್ಮಿಷನ್ ಲೆಟರ್ ಎಲ್ಲಿ ಅಂದರು. ಹಸಿರಿಗೆ ಬೇಡ ಸಾರ್ ಅಂತ ಫೋನಿನಲ್ಲಿ ನಕ್ಷೆ ತೋರಿಸಿದೆ. ಅದೆಲ್ಲ ನಮಗೆ ಗೊತ್ತಿಲ್ಲ, ಇಳಿಸಿ ಅಂದರು. ಇಳಿಸಿದೆ. ನಿಯಮ ಓದಿಕೊಂಡು ಹೋದವಳಿಗೆ ಏನು ಸಿಕ್ಕಿತು?

— ಇಳಿಸಿದ್ದು ಸರಿ, ರಸ್ತೆಯಲ್ಲಿ ನಿಂತು ವಾದ ಮಾಡಬಾರದು. ಆದರೆ ನಿನ್ನ ದೂರು ನ್ಯಾಯವಾದದ್ದು. ಡ್ರೋನ್ ನಿಯಮದ ಪ್ರಕಾರ ಹಸಿರಿನಲ್ಲಿ ಠಾಣೆಯ ಪತ್ರ ಬೇಕಿಲ್ಲ. ಛತ್ರದ ಮಾಲೀಕರ ಒಪ್ಪಿಗೆ ಬೇಕು, ಅದು ಜಾಗದ ವಿಷಯ. ಪೊಲೀಸರಿಗೆ ಅಧಿಕಾರ ಇಲ್ಲವೇ ಇಲ್ಲ ಅಂತಲೂ ಅಂದುಕೋಬೇಡ. ಎರಡು ದಾರಿ ಇದೆ. ಡ್ರೋನ್ ನಿಯಮದಲ್ಲೇ ತಾತ್ಕಾಲಿಕ ಕೆಂಪು ವಲಯ ಅಂತ ಒಂದಿದೆ. ಎಸ್‌ಪಿ ಅಥವಾ ಅದಕ್ಕೆ ಸಮನಾದ ದರ್ಜೆಗಿಂತ ಕೆಳಗಿನವರು ಅದನ್ನ ಹೊರಡಿಸೋ ಹಾಗಿಲ್ಲ. ಒಂದು ಸಲಕ್ಕೆ 96 ಗಂಟೆ ಮೀರಬಾರದು. ವಲಯ ಅಗತ್ಯಕ್ಕಿಂತ ದೊಡ್ಡದಾಗಬಾರದು ಅಂತಲೂ ಬರೆದಿದೆ. ಎಲ್ಲಕ್ಕಿಂತ ಮುಖ್ಯ, ಡಿಜಿಟಲ್ ಸ್ಕೈ ತಾಣದಲ್ಲೇ ಅದನ್ನ ಪ್ರಕಟಿಸಬೇಕು.

— ಎರಡನೇದು?

— ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಹಿಂದೆ 144 ಅಂತಿದ್ದದ್ದು. ಪೊಲೀಸ್ ಕಮಿಷನರ್ ನಿಷೇಧಾಜ್ಞೆ ಹೊರಡಿಸ್ತಾರೆ. ಗಣ್ಯರು ಬಂದಾಗ, ದೊಡ್ಡ ಮೆರವಣಿಗೆ ಇದ್ದಾಗ ಇದನ್ನ ಬಳಸ್ತಾರೆ. ಮೀರಿದರೆ ಅದು ಬೇರೆ ಅಪರಾಧ, ಡ್ರೋನ್ ನಿಯಮದ ಒಂದು ಲಕ್ಷದವರೆಗಿನ ದಂಡದ ಜೊತೆಗೆ.

— ನನ್ನ ಸಿಟ್ಟು ಇರೋದೇ ಇದರ ಮೇಲೆ. ಈ ಆಜ್ಞೆ ನನಗೆ ಗೊತ್ತಾಗೋದು ಹೇಗೆ? ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು, ಇಲ್ಲಾ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ. ಸುತ್ತಮುತ್ತ ಅಂತ ಬರೆದಿರುತ್ತೆ. ಸುತ್ತಮುತ್ತ ಅಂದರೆ ಎಷ್ಟು ದೂರ? ನಕ್ಷೆ ತೆಗೆದರೆ ಅಲ್ಲಿ ಹಸಿರೇ ಇರುತ್ತೆ. ನೀವು ಹೇಳ್ತೀರಿ ನಕ್ಷೆ ನೋಡು ಅಂತ. ನೋಡಿ ಹಾರಿಸಿದರೂ ಸಿಕ್ಕಿಬೀಳ್ತೀನಿ.

— ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ, ಮಾಡೋದೂ ಇಲ್ಲ. ವಿಮಾನದವರಿಗೆ ನಾವು ನೋಟಾಮ್ ಅಂತ ಹೊರಡಿಸ್ತೀವಿ. ಅಕ್ಷಾಂಶ ರೇಖಾಂಶ, ಎತ್ತರ, ಶುರುವಾಗೋ ಗಳಿಗೆ, ಮುಗಿಯೋ ಗಳಿಗೆ, ಎಲ್ಲ ಅದರಲ್ಲಿರುತ್ತೆ. ಪೈಲಟ್ ಅದನ್ನ ಓದದೆ ವಿಮಾನ ಹತ್ತಲ್ಲ. ನಾವು ಸುತ್ತಮುತ್ತ ಅಂತ ಬರೆದಿದ್ದರೆ ನಮ್ಮ ಕೆಲಸವೇ ಹೋಗ್ತಿತ್ತು. ಆಕಾಶದ ನಿಷೇಧಕ್ಕೆ ಗಡಿ ಬೇಕು. ಗಡಿ ಇಲ್ಲದ ನಿಷೇಧವನ್ನ ಪಾಲಿಸಬೇಕು ಅಂದುಕೊಂಡವರೂ ಪಾಲಿಸೋಕಾಗಲ್ಲ, ಲೆಕ್ಕಿಸದವನಂತೂ ಹೇಗೂ ಪಾಲಿಸಲ್ಲ.

— ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯೋ ಟೈಮಲ್ಲಂತೂ ಉತ್ತರ ಬೆಂಗಳೂರಿನ ಅರ್ಧ ಫೋಟೊಗ್ರಾಫರ್‌ಗಳು ಫೋನ್ ಮಾಡಿ ಕೇಳ್ಕೊಳ್ತಾ ಇರ್ತಾರೆ, ಇವತ್ತು ಇದೆಯಾ ಇಲ್ವಾ ಅಂತ.

— ಏರೋ ಇಂಡಿಯಾ ಐದು ದಿನ, ಅದಕ್ಕೆ ಮುಂಚಿನ ತಾಲೀಮು ಬೇರೆ. 96 ಗಂಟೆ ಸಾಲದು, ಹಾಗಾಗಿ ಬೇರೆ ಆಜ್ಞೆ ಬೇಕಾಗುತ್ತೆ. ಅಲ್ಲಿ ಕಟ್ಟುನಿಟ್ಟು ಯಾಕೆ ಅಂತ ಪ್ರಶ್ನಿಸಬೇಡ. 2019ರ ಫೆಬ್ರವರಿ 19ರಂದು ತಾಲೀಮಿನಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಎರಡು ವಿಮಾನ ಗಾಳಿಯಲ್ಲೇ ಡಿಕ್ಕಿಯಾದವು. ಒಬ್ಬ ಪೈಲಟ್ ತೀರಿಕೊಂಡರು, ಅವಶೇಷ ಮನೆಗಳಿರೋ ಕಡೆ ಬಿತ್ತು. ಅದಕ್ಕೂ ಡ್ರೋನಿಗೂ ಸಂಬಂಧ ಇಲ್ಲ. ಅಲ್ಲಿ ಹಾರೋರ ನಡುವೆ ಎಷ್ಟು ಕಡಿಮೆ ಅಂತರ ಇರುತ್ತೆ ಅನ್ನೋದು ಅದರಿಂದ ಗೊತ್ತಾಗುತ್ತೆ. ಅಂಥ ಆಕಾಶಕ್ಕೆ ಹೊರಗಿನದು ಒಂದು ಹುಲ್ಲುಕಡ್ಡಿಯೂ ಬರಬಾರದು.

— ಅದನ್ನ ಒಪ್ತೀನಿ. ನಿಷೇಧ ಬೇಡ ಅಂತ ನಾನೆಲ್ಲಿ ಅಂದೆ? ಹೇಳಿ ಮಾಡಿ ಅಂತೀನಿ ಅಷ್ಟೆ. ಹಳದಿಯಲ್ಲೂ ಅಷ್ಟೆ. ಮದುವೆ ತಾರೀಕು ಮೂರು ತಿಂಗಳ ಮುಂಚೆ ಗೊತ್ತಿರುತ್ತೆ. ಅನುಮತಿ ಸಿಗುತ್ತೋ ಇಲ್ಲವೋ ಅಂತ ಹೇಳೋಕೆ ಯಾಕೆ ಆಗಬಾರದು?

— ಕೇಳು, ಕೇಳಿ ನೋಡು. ಕೆಂಪಿನ ಆಸೆ ಬಿಡು. ಯಲಹಂಕದ ಮದುವೆಗೆ ಜಿಮ್ಮಿ ಜಿಬ್ ಕ್ಯಾಮೆರಾ ಕ್ರೇನು ತರಿಸು, ದಿಬ್ಬಣ ಬರೋದು ಅದರಲ್ಲೂ ಚೆನ್ನಾಗೇ ಬರುತ್ತೆ. ಹುಡುಗಿ ಕಡೆಯವರಿಗೆ ಇವತ್ತೇ ಹೇಳು. ಇನ್ನು ಮುಂದೆ ಮುಂಗಡ ತಗೊಳ್ಳೋ ಮೊದಲೇ ಛತ್ರದ ವಿಳಾಸ ಕೇಳಿ ನಕ್ಷೆ ನೋಡು.

— ಕೊಟೇಷನ್ನಿನಲ್ಲೇ ಬರೆದುಬಿಡ್ತೀನಿ. ಒಂದು ಕೇಳ್ಬೇಕು. ಹಸಿರಿನಲ್ಲಿ ಕಾನೂನು ಒಪ್ಪಿದರೂ ಅಕ್ಕಪಕ್ಕದ ಮನೆಯವರು ಒಪ್ಪಲ್ಲ. ಟೆರೇಸಿನಲ್ಲಿ ಬಟ್ಟೆ ಒಣಗಿಸ್ತಿದ್ದ ಒಬ್ಬರು ನಮ್ಮನ್ನ ಯಾಕೆ ತೆಗೀತೀರಾ ಅಂತ ಕೂಗಾಡಿದರು. ನಾನು ಅವರನ್ನ ತೆಗೀತಿರಲಿಲ್ಲ.

— ನೀನು ತೆಗೀತಿರಲಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಡ್ರೋನ್ ನಿಯಮಗಳಲ್ಲಿ ಖಾಸಗಿತನಕ್ಕೆ ಅಂತ ಪ್ರತ್ಯೇಕ ಅಧ್ಯಾಯ ಇಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಕೊರತೆ. ಹಕ್ಕು ಮಾತ್ರ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಹೆಂಗಸರನ್ನ ಅವರ ಖಾಸಗಿ ಹೊತ್ತಿನಲ್ಲಿ ಕದ್ದು ಸೆರೆಹಿಡಿಯೋದು ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಹಿಂದಿನ ದಿನವೇ ಸುತ್ತಲಿನ ಮನೆಗಳಿಗೆ ಹೋಗಿ, ಇಂಥ ಹೊತ್ತಿಗೆ ಇಷ್ಟು ನಿಮಿಷ ಹಾರಿಸ್ತೀವಿ ಅಂತ ಹೇಳಿ ಬಾ.

— ಹೇಳಿ ಬರ್ತೀನಿ. ನಾನು ನಾಲ್ಕು ಮನೆ ಬಾಗಿಲಿಗೆ ಹೋಗಿ ಹೊತ್ತು, ಜಾಗ, ಎತ್ತರ ಹೇಳಿ ಬರಬೇಕು ಅಂದರೆ, ಇಡೀ ಊರಿಗೆ ನಿಷೇಧ ಹಾಕೋರೂ ಅಷ್ಟು ಹೇಳಬೇಕಲ್ಲ ಮಾವ?

— ಹೇಳಲೇಬೇಕು. ನಿಮ್ಮ ಫೋಟೊಗ್ರಾಫರ್‌ಗಳ ಸಂಘದಿಂದ ಕಮಿಷನರ್ ಕಚೇರಿಗೆ ಒಂದು ಮನವಿ ಕೊಡಿ. ಜಗಳದ ಧಾಟಿ ಬೇಡ. ಡ್ರೋನ್ ಸಂಬಂಧ ಯಾವ ಆಜ್ಞೆ ಹೊರಟರೂ ಅದರಲ್ಲಿ ಯಾವ ಕಾನೂನಿನಡಿ ಅಂತ ಇರಲಿ, ಗಡಿ ಎಲ್ಲಿಂದ ಎಲ್ಲಿಗೆ ಅಂತ ನಕ್ಷೆ ಇರಲಿ, ಶುರು ಮತ್ತು ಕೊನೆಯ ಗಂಟೆ ಇರಲಿ, ವಿಚಾರಿಸೋಕೆ ಒಂದು ನಂಬರ್ ಇರಲಿ. ಕನ್ನಡದಲ್ಲಿರಲಿ. ಅದೇ ದಿನ ಡಿಜಿಟಲ್ ಸ್ಕೈನಲ್ಲೂ ಬರಲಿ. ಹಾಗೇ ಹಸಿರು ವಲಯ ಅಂದರೇನು ಅಂತ ಠಾಣೆಗಳಿಗೆ ಒಂದು ಸುತ್ತೋಲೆ ಹೋಗಲಿ.

— ಕರಡು ನಾನು ಬರೀತೀನಿ. ಕಳೆದ ಸಲದ ಆಜ್ಞೆಯ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಬರೆದ ಜಾಗ ಎಲ್ಲಿಂದ ಎಲ್ಲಿಗೆ ಅಂತ ನೀವು ಒಂದು ನಕ್ಷೆ ಹಾಕಿಕೊಡ್ತೀರಾ? ಹೀಗಿರಬೇಕಿತ್ತು ಅಂತ ಮನವಿ ಜೊತೆ ಲಗತ್ತಿಸ್ತೀನಿ.

— ಕೊಡು, ನೋಟಾಮಿಗೆ ಬರೀತಿದ್ದ ಹಾಗೇ ಅಕ್ಷಾಂಶ ರೇಖಾಂಶ ಹಾಕಿಕೊಡ್ತೀನಿ. ಅಗತ್ಯಕ್ಕಿಂತ ದೊಡ್ಡ ವಲಯ ಬೇಡ ಅಂತ ನಿಯಮದಲ್ಲಿ ಇದೆಯಲ್ಲ, ಮನವಿಯಲ್ಲಿ ಆ ಮಾತು ಮೊದಲ ಪ್ಯಾರಾದಲ್ಲೇ ಬರಲಿ.